‘ಇತಿಹಾಸದಲ್ಲಿ ಈ ದಿನ’ ಬೋರ್ಡ್ ಬರೆಯುವುದು ಹೇಗೆ?

ಶಾಲೆಯ ಬಾಗಿಲ ಪಕ್ಕದ ಕರಿಹಲಗೆಯಲ್ಲಿ ‘ಇತಿಹಾಸದಲ್ಲಿ ಈ ದಿನ’ ಅಂತ ಬರೆಯುತ್ತಾರಲ್ವಾ? ಮಕ್ಕಳು ಒಳಗೆ ಹೋಗುವಾಗ ಒಮ್ಮೆ ಕಣ್ಣು ಹಾಯಿಸುತ್ತಾರೆ, ಅಷ್ಟೇ. ಅವರು ಅಲ್ಲಿ ಎರಡು ನಿಮಿಷ ನಿಲ್ಲಬೇಕು ಅಂದರೆ ಸುಮ್ನೆ ಪಟ್ಟಿ ಬರೆದರೆ ಸಾಲದು. ನವೆಂಬರ್ 7ನ್ನೇ ತೆಗೆದುಕೊಳ್ಳೋಣ.

ಮೊದಲು, ಸಿಕ್ಕಿದ್ದನ್ನೆಲ್ಲ ರಫ್ ಹಾಳೆಯಲ್ಲಿ ಬರೆದುಕೊಳ್ಳಿ. 1862: ಕೊನೆಯ ಮೊಗಲ್ ದೊರೆ ಬಹದ್ದೂರ್ ಷಾ ಜಫರ್ ರಂಗೂನಿನಲ್ಲಿ ತೀರಿಕೊಂಡರು. 1867: ವಾರ್ಸಾದಲ್ಲಿ ಮೇರಿ ಕ್ಯೂರಿ ಹುಟ್ಟಿದರು. 1888: ತಿರುಚಿರಾಪಳ್ಳಿಯಲ್ಲಿ ಸಿ.ವಿ. ರಾಮನ್ ಹುಟ್ಟಿದರು. 1917: ರಷ್ಯಾದ ಅಕ್ಟೋಬರ್ ಕ್ರಾಂತಿ. 1990: ವಿ.ಪಿ. ಸಿಂಗ್ ಸರ್ಕಾರ ಲೋಕಸಭೆಯಲ್ಲಿ ವಿಶ್ವಾಸಮತ ಸೋತಿತು.

ಎರಡನೆಯ ಕೆಲಸ, ತಾರೀಕು ತಾಳೆ ನೋಡುವುದು. ಇದಕ್ಕೇ ಜಾಸ್ತಿ ಹೊತ್ತು ಕೊಡಿ. ಅಕ್ಟೋಬರ್ ಕ್ರಾಂತಿ ನವೆಂಬರಿನಲ್ಲಿ ಹೇಗಾಯಿತು ಅಂತ ಯಾವುದಾದರೂ ಮಗು ಕೇಳಿಯೇ ಕೇಳುತ್ತದೆ. ಆಗ ರಷ್ಯಾದಲ್ಲಿ ಹಳೆಯ ಜೂಲಿಯನ್ ಕ್ಯಾಲೆಂಡರ್ ಇತ್ತು, ನಮ್ಮದಕ್ಕಿಂತ 13 ದಿನ ಹಿಂದೆ. ಅಲ್ಲಿ ಅಂದು ಅಕ್ಟೋಬರ್ 25. ಬೋರ್ಡಿನ ಮೂಲೆಯಲ್ಲಿ ಲೆಕ್ಕವನ್ನೇ ಮಾಡಿ ತೋರಿಸಿ: 25ಕ್ಕೆ 13 ಕೂಡಿಸಿದರೆ 38. ಅದರಲ್ಲಿ ಅಕ್ಟೋಬರಿನ 31 ಕಳೆದರೆ 7. ಮರುವರ್ಷ ರಷ್ಯಾ ಕ್ಯಾಲೆಂಡರ್ ಬದಲಿಸಿತು. ಜನವರಿ 31ರ ಮರುದಿನವೇ ಅಲ್ಲಿ ಫೆಬ್ರವರಿ 14 ಬಂತು!

ರಾಮನ್ ವಿಷಯದಲ್ಲೂ ಎಚ್ಚರ ಬೇಕು. ಫೆಬ್ರವರಿ 28 ಅವರ ಹುಟ್ಟುಹಬ್ಬ ಅಲ್ಲ. 1928ರಲ್ಲಿ ರಾಮನ್ ಪರಿಣಾಮ ಪತ್ತೆಯಾದ ದಿನ ಅದು. ಅದಕ್ಕೇ ಅಂದು ರಾಷ್ಟ್ರೀಯ ವಿಜ್ಞಾನ ದಿನ.

ಆಮೇಲೆ ಆರಿಸುವುದು. ಐದನ್ನೂ ತುರುಕಬೇಡಿ. ಅಕ್ಕಪಕ್ಕ ಇಟ್ಟರೆ ನಂಟು ಕಾಣುವಂಥವನ್ನು ಉಳಿಸಿ. ನಾನಾದರೆ ಕ್ಯೂರಿ, ರಾಮನ್, ಕ್ರಾಂತಿ ಈ ಮೂರನ್ನು ಇಟ್ಟುಕೊಳ್ಳುತ್ತೇನೆ. ಕ್ಯೂರಿ ಹುಟ್ಟಿದಾಗ ವಾರ್ಸಾ ರಷ್ಯಾದ ಚಕ್ರವರ್ತಿಯ ಕೈಯಲ್ಲಿತ್ತು. ಅವರಿಗೆ 50 ತುಂಬಿದ ದಿನವೇ ರಷ್ಯಾದ ಆಗಿನ ರಾಜಧಾನಿ ಪೆಟ್ರೊಗ್ರಾಡ್‌ನಲ್ಲಿ ಲೆನಿನ್ ಪಕ್ಷದ ಬೊಲ್ಶೆವಿಕರು ಅಧಿಕಾರ ಹಿಡಿದರು. ಇನ್ನು ಭೌತಶಾಸ್ತ್ರದ ನೊಬೆಲ್ ಕ್ಯೂರಿಗೆ 1903ರಲ್ಲಿ, ರಾಮನ್‌ಗೆ 1930ರಲ್ಲಿ ಸಿಕ್ಕಿತು. ಬೆಂಗಳೂರಿನ ಶಾಲೆಯಾದರೆ, ರಾಮನ್ 1948ರಲ್ಲಿ ಕಟ್ಟಿದ ಸಂಶೋಧನಾ ಸಂಸ್ಥೆ ನಮ್ಮೂರಲ್ಲೇ ಇದೆ ಅಂತ ಒಂದು ಸಾಲು ಸೇರಿಸಿ.

ಜಫರ್ ಅವರನ್ನು ಬಿಡಲು ನನಗೆ ಮನಸ್ಸೇ ಬರುವುದಿಲ್ಲ. 1857ರ ದಂಗೆಯ ನಂತರ ಗಡಿಪಾರಾದ ಆ ಮುದಿ ದೊರೆಯನ್ನು ಸತ್ತ ದಿನವೇ ಬ್ರಿಟಿಷರು ಸದ್ದಿಲ್ಲದೆ ಹೂತುಬಿಟ್ಟರು. ಅವರಿಗೆ ಮುಂದಿನ ವರ್ಷ ಇಡೀ ಬೋರ್ಡ್ ಮೀಸಲಿಡಿ.

ಬರೆಯುವಾಗ ಇಸವಿಯನ್ನು ಬಣ್ಣದ ಸೀಮೆಸುಣ್ಣದಲ್ಲಿ ದೊಡ್ಡದಾಗಿ ಬರೆಯಿರಿ. ಒಂದು ಘಟನೆಗೆ ಎರಡೇ ಸಾಲು ಸಾಕು. ರಫ್ ಹಾಳೆ ಬಿಸಾಡಬೇಡಿ. ದಿನಕ್ಕೊಂದು ಕಾರ್ಡ್ ಮಾಡಿ ಚಪ್ಪಲಿ ಡಬ್ಬಿಯಲ್ಲಿ ಜೋಡಿಸಿಡಿ. ಒಟ್ಟು 366 ಕಾರ್ಡ್ ಬೇಕು, ಯಾಕಂದರೆ ಫೆಬ್ರವರಿ 29ಕ್ಕೂ ಒಂದು ಇರಬೇಕು. ಮೊರಾರ್ಜಿ ದೇಸಾಯಿ ಹುಟ್ಟಿದ್ದು 1896ರ ಆ ದಿನ. 1900 ಅಧಿಕ ವರ್ಷ ಆಗಿರಲಿಲ್ಲ. ಹಾಗಾಗಿ ಹುಟ್ಟಿದ ತಾರೀಕು ಅವರಿಗೆ ಮತ್ತೆ ಸಿಕ್ಕಿದ್ದು 8 ತುಂಬಿದಾಗ, 1904ರಲ್ಲಿ.