ಚಾಕಲೇಟ್ ಮರಿ ಬೇಕಾದರೆ ಕಪ್ಪು ಗಂಡು ಹುಡುಕಿ

ಚಾಕಲೇಟ್ (ಕಂದು) ಲ್ಯಾಬ್ರಡಾರ್ ನಾಯಿ, ನಮ್ಮ ಬಾಯಲ್ಲಿ ಲ್ಯಾಬ್, ಅಂದರೆ ಕಿವಿ ನಾರುತ್ತದೆ, ಒಂದು ಕಡೆ ನಿಲ್ಲುವುದಿಲ್ಲ. ಕಪ್ಪು ಅಂದರೆ ಕೆಲಸದ ನಾಯಿ. ಫಾನ್ (ಹಳದಿ) ಅಂದರೆ ಮಕ್ಕಳಿರುವ ಮನೆಗೆ. ಲ್ಯಾಬ್ ಸಾಕುವವರಲ್ಲಿ ಈ ಮಾತು ಕೇಳದವರಿಲ್ಲ. ಚಾಕಲೇಟ್‌ಗೆ ಚಾಕಲೇಟ್ ಮೇಟಿಂಗ್ ನಿಲ್ಲಿಸಿ, ಮೈಯಲ್ಲಿ ಕಾಣದಿದ್ದರೂ ಒಳಗೆ ಚಾಕಲೇಟ್ ಜೀನ್ ಹೊತ್ತ ಕಪ್ಪು ಗಂಡಿನಿಂದಲೇ ಚಾಕಲೇಟ್ ತೆಗೆಯುತ್ತೇನೆ ಎಂದಾಗ, ‘ಲಿಟರ್‌ನಲ್ಲಿ (ಒಂದು ಸೂಲಿನ ಮರಿಗಳಲ್ಲಿ) ಅರ್ಧ ಕಪ್ಪೇ ಬೀಳುತ್ತೆ, ಲೆಕ್ಕ ಹಾಕಿದ್ದೀರಾ?’ ಎಂದು ನಕ್ಕವರೇ ಹೆಚ್ಚು. ಲೆಕ್ಕ ಹಾಕಿದ್ದೆ. ಮೊದಲ ಸಲ ಅದು ತಪ್ಪಿತು ಕೂಡ. ಈಗ ಐದು ಲಿಟರ್, 36 ಮರಿ ಆದ ಮೇಲೆ ಧೈರ್ಯವಾಗಿ ಬರೆಯಬಹುದು.

ಕಿವಿಯ ಮಾತು ಪೂರ್ತಿ ಸುಳ್ಳಲ್ಲ. 2018ರಲ್ಲಿ ಬ್ರಿಟನ್ನಿನ ಪಶುವೈದ್ಯರ ದಾಖಲೆಗಳಿಂದ ಎರಡು ಸಾವಿರಕ್ಕೂ ಹೆಚ್ಚು ಲ್ಯಾಬ್‌ಗಳ ಲೆಕ್ಕ ಹೊರಬಂತು. ಕಿವಿಯ ಉರಿಯೂತ ಕಪ್ಪಿನಲ್ಲಿ ಸುಮಾರು 13, ಹಳದಿಯಲ್ಲಿ 17, ಚಾಕಲೇಟ್‌ನಲ್ಲಿ 23 ಪರ್ಸೆಂಟ್. ಕೆರೆದು ಕೆರೆದು ಒದ್ದೆಯಾಗುವ ಹುಣ್ಣು, ನಾವು ಹಾಟ್ ಸ್ಪಾಟ್ ಅನ್ನುವುದು, ಕಪ್ಪಿನಲ್ಲಿ 1ರ ಆಸುಪಾಸು, ಚಾಕಲೇಟ್‌ನಲ್ಲಿ 4. ಆಯಸ್ಸು ಉಳಿದವಕ್ಕೆ 12.1 ವರ್ಷ, ಚಾಕಲೇಟ್‌ಗೆ 10.7. ಇದರಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಆ ಏರಿಕೆಯ ಕ್ರಮ. ತಂದೆ ತಾಯಿ ಇಬ್ಬರಿಂದಲೂ ಬಂದರೆ ಮಾತ್ರ ಕಾಣುವ ಎರಡು ಬಣ್ಣಗಳೇ ಮೇಲಿವೆ. ಆ ಬಣ್ಣ ಬೇಕು ಅಂದವನು ಇರುವ ನಾಲ್ಕಾರು ನಾಯಿಗಳ ಒಳಗೇ ಸುತ್ತುತ್ತಾನೆ, ಬಣ್ಣದ ಜೊತೆಗೆ ಕೆಟ್ಟ ಚರ್ಮವೂ ಸುತ್ತುತ್ತದೆ. ಕಂದು ಬಣ್ಣಕ್ಕೆ ಕಿವಿಯ ಒಳಗೆ ಏನು ಕೆಲಸ?

ಚಾಕಲೇಟ್‌ಗೆ ಚಾಕಲೇಟ್ ಹಾಕಿಸಿದ ನನ್ನ ಹಳೆಯ ಎರಡು ಲಿಟರ್‌ನಲ್ಲಿ 13 ಮರಿ. ಮರಿಗೆ 30 ಸಾವಿರದಂತೆ ಕಣ್ಣು ಬಿಡುವ ಮೊದಲೇ ಬುಕ್ ಆದವು. ಎರಡು ವರ್ಷದೊಳಗೆ 7 ಮರಿಗಳ ಕಿವಿ ಡಾಕ್ಟರ ಮೇಜಿಗೆ ಹೋಯಿತು. ಎರಡು ಮರಿ ವಾಪಸ್, ದುಡ್ಡೂ ವಾಪಸ್. ಇನ್ನೊಮ್ಮೆ ಟೆಸ್ಟ್ ಮಾಡಿಸದೆ ಚಾಕಲೇಟ್ ಹೆಣ್ಣಿಗೆ ಫಾನ್ ಗಂಡು ಹಾಕಿಸಿದ್ದಾಯಿತು. ಗಂಡು ಒಳಗೆ ಕಂದು ಹೊತ್ತಿತ್ತು, ಹೆಣ್ಣು ಒಳಗೆ ಹಳದಿ ಹೊತ್ತಿತ್ತು. ಎಂಟರಲ್ಲಿ ಮೂರು ಮರಿ ಹಳದಿ ಮೈ, ಕಂದು ಮೂಗು. ಆರೋಗ್ಯಕ್ಕೆ ಏನೂ ಕೊರತೆ ಇರಲಿಲ್ಲ, ಆದರೆ ‘ಮೂಗು ಕಪ್ಪಿಲ್ಲ, ಕ್ರಾಸ್ ಇರಬೇಕು’ ಎಂದು ಕೊಳ್ಳುವವರು ಹಿಂದೆ ಸರಿದರು. 8 ಸಾವಿರಕ್ಕೆ ಕೊಟ್ಟೆ.

ಬಣ್ಣದ ಜೀನ್ ನೋಡುವ ಡಿಎನ್‌ಎ ಟೆಸ್ಟ್‌ನಲ್ಲೂ ಒಂದು ಗುಂಡಿ ಇದೆ. ಕಂದಿನ ಜೀನ್‌ನಲ್ಲಿ ಸಾಮಾನ್ಯವಾಗಿ ಕಾಣುವ ಬದಲಾವಣೆ ಮೂರು ಬಗೆ. ಅಗ್ಗದ ಟೆಸ್ಟ್ ಒಂದನ್ನೇ ನೋಡಿ ‘ಕಂದು ಇಲ್ಲ’ ಎಂದು ಬರೆದುಕೊಟ್ಟೀತು. ಹಾಗೆ ಬಂದ ರಿಪೋರ್ಟ್ ನಂಬಿ ಮೇಟಿಂಗ್ ಆದ ಮೇಲೆ ಮೂರು ಚಾಕಲೇಟ್ ಮರಿ ಹುಟ್ಟಿದ್ದುಂಟು. ಮೂರೂ ಬಗೆ ನೋಡುತ್ತೀರಾ ಎಂದು ಟೆಸ್ಟ್ ಮಾಡುವವರನ್ನು ಮೊದಲೇ ಕೇಳಿ. ಜೊತೆಗೆ ಹಳದಿಯದ್ದು, ಬಣ್ಣ ತೆಳುವಾಗಿಸುವ ಡಿ ಜೀನ್, ವ್ಯಾಯಾಮದಲ್ಲಿ ಕುಸಿಯುವ ಇಐಸಿ, ನಿಧಾನವಾಗಿ ದೃಷ್ಟಿ ಹೋಗುವ ಪಿಆರ್‌ಎ. ಎಲ್ಲ ಸೇರಿ ನಾಯಿಗೆ ಆರೇಳು ಸಾವಿರ ಆಯಿತು ಅಂತ ನೆನಪು. ಚಾಕಲೇಟ್ ಮರಿಗೆ ಡಿ ಎರಡೂ ಕಡೆಯಿಂದ ಬಂದರೆ ‘ಸಿಲ್ವರ್’ ಹುಟ್ಟುತ್ತದೆ. ಅದನ್ನು ಅಪರೂಪ ಎಂದು ಲಕ್ಷಕ್ಕೆ ಮಾರುವವರಿದ್ದಾರೆ. ಅಂಥ ನಾಯಿಗಳಲ್ಲಿ ಕೆಲವಕ್ಕೆ ಆರು ತಿಂಗಳಿಂದ ಮೂರು ವರ್ಷದೊಳಗೆ ಬೆನ್ನಿನ ಕೂದಲು ಉದುರಲು ಶುರು, ಮತ್ತೆ ಬರುವುದಿಲ್ಲ. ಡಿ ಹೊತ್ತ ಗಂಡನ್ನು ನಾನು ಮುಟ್ಟುವುದಿಲ್ಲ.

ಸ್ಯಾಂಪಲ್ ತೆಗೆಯುವಾಗ ಕೆನ್ನೆಯ ಒಳಬದಿಗೆ ಬ್ರಷ್ ಒತ್ತಿ 30 ಸೆಕೆಂಡ್ ತಿರುಗಿಸಿ. ಅದಕ್ಕೆ ಮುಂಚೆ ಒಂದು ಗಂಟೆ ಊಟ ಬೇಡ. ಹಾಲು ಕುಡಿಯುವ ಮರಿಯಾದರೆ ಎರಡು ಗಂಟೆ ತಾಯಿಯಿಂದ ದೂರ ಇಡಿ, ಇಲ್ಲದಿದ್ದರೆ ತಾಯಿಯ ಕೋಶವೂ ಬ್ರಷ್‌ಗೆ ಹತ್ತಿ ರಿಪೋರ್ಟ್ ಕಲಸುಮೇಲೋಗರ. ನೆರಳಲ್ಲಿ ಒಣಗಿಸಿ ಕಾಗದದ ಕವರ್‌ಗೆ ಹಾಕಿ. ಪ್ಲಾಸ್ಟಿಕ್ಕಿಗೆ ಹಾಕಿದರೆ ಬೂಷ್ಟು.

ಈಗ ಗಂಡಿನ ವಿಷಯ. ಬೇಕಾದ್ದು ಕಪ್ಪು ಮೈ, ಒಳಗೆ ಒಂದು ಕಂದು, ಹಳದಿ ಇಲ್ಲವೇ ಇಲ್ಲ. ಆಗ ಚಾಕಲೇಟ್ ಹೆಣ್ಣಿಗೆ ಅರ್ಧ ಕಪ್ಪು, ಅರ್ಧ ಚಾಕಲೇಟ್. ವಯಸ್ಸು ನಾಲ್ಕು ದಾಟಿರಲಿ, ಏಕೆಂದರೆ ಚರ್ಮದ ಅಲರ್ಜಿ ಸಾಮಾನ್ಯವಾಗಿ ಮೂರು ವರ್ಷದೊಳಗೆ ತಲೆ ಎತ್ತುತ್ತದೆ. ಎರಡು ವರ್ಷದ ಚಾಂಪಿಯನ್‌ನ ಚರ್ಮದ ಬಗ್ಗೆ ಏನೂ ಹೇಳಲಾಗದು. ಕಿವಿ ಹೇಗಿದೆ ಎಂದು ಮಾಲೀಕರನ್ನು ಕೇಳಬೇಡಿ, ಕಿವಿ ಮಡಚಿ ಮೂಸಿ. ಪಂಜದ ಬೆರಳ ಸಂದಿ ನೋಡಿ, ನೆಕ್ಕಿ ನೆಕ್ಕಿ ತುಕ್ಕಿನ ಬಣ್ಣ ಬಂದಿದ್ದರೆ ಚಹಾ ಕುಡಿದು ಎದ್ದು ಬನ್ನಿ. ಸೊಂಟದ ಎಕ್ಸ್‌ರೇ ನೋಡಿ. ಗಂಡು, ಹೆಣ್ಣು ಎರಡೂ ಕಡೆಯ ವಂಶಾವಳಿ ಪೇಪರ್ ಪಕ್ಕಪಕ್ಕ ಇಟ್ಟು ಐದು ತಲೆಮಾರು ಹಿಂದಕ್ಕೆ ಹೋಗಿ, ಒಂದೇ ಹೆಸರು ಎರಡು ಸಲ ಬಂದರೆ ಬಿಡಿ. ನನ್ನ ಗಂಡು ಯಾವ ಲೈನ್‌ದು ಎಂದು ಫೋನ್ ಮಾಡಿ ಕೇಳುವವರಿಗೆ ಇಲ್ಲೇ ಉತ್ತರ: ಹೇಳುವುದಿಲ್ಲ. ಹುಡುಕಲು ನನಗೆ ಹದಿನಾಲ್ಕು ತಿಂಗಳು ಹಿಡಿಯಿತು.

ಮೊದಲ ಲಿಟರ್ 8 ಮರಿ, ಅದರಲ್ಲಿ ಚಾಕಲೇಟ್ ಎರಡೇ. ಅರ್ಧ ಅನ್ನುವುದು ನಾಣ್ಯ ಚಿಮ್ಮಿದ ಲೆಕ್ಕ, ಎಂಟು ಸಲ ಚಿಮ್ಮಿದರೆ ನಾಲ್ಕೇ ಬೀಳಬೇಕೆಂದಿಲ್ಲ. ಆಗ ಕಪ್ಪಿಗೆ 14 ಸಾವಿರ ಸಿಗುತ್ತಿತ್ತು, ಟೆಸ್ಟ್, ಎಕ್ಸ್‌ರೇ, ಓಡಾಟಕ್ಕೆ ಒಂದೂವರೆ ಲಕ್ಷ ಮುಗಿದಿತ್ತು. ನಕ್ಕವರು ಇನ್ನೊಮ್ಮೆ ನಕ್ಕರು. ಮುಂದಿನ ನಾಲ್ಕು ಲಿಟರ್‌ನಲ್ಲಿ 28ಕ್ಕೆ 14 ಚಾಕಲೇಟ್, ಸರಿಯಾಗಿ ಅರ್ಧ. ‘ಒಳಗೆ ಕಂದು ಇದೆ’ ಎಂಬ ರಿಪೋರ್ಟ್ ಸಮೇತ ಕಪ್ಪು ಮರಿಯನ್ನು ಈಗ ಬ್ರೀಡರ್‌ಗಳೇ 25 ಸಾವಿರ ಕೊಟ್ಟು ಒಯ್ಯುತ್ತಾರೆ. ಶನಿಕಾಟ, ಕಾಲಭೈರವ ಎಂದು ಬಿಳಿ ಕೂದಲು ಒಂದೂ ಇಲ್ಲದ ಕಪ್ಪು ಕೇಳುವವರು ಬೇರೆ, ಅವರು ಚೌಕಾಸಿ ಮಾಡುವುದಿಲ್ಲ.

ಕಿವಿಯ ಫಲಿತಾಂಶ: ಎರಡು ವರ್ಷ ದಾಟಿದ ಚಾಕಲೇಟ್‌ಗಳು 11, ತೊಂದರೆ ಒಂದಕ್ಕೆ. ಮರಿ ಒಯ್ಯುವವರಿಗೆ ಕಿವಿ ತೊಳೆಯುವುದನ್ನು ಕಲಿಸಲು ಶುರು ಮಾಡಿದ್ದೂ ಅದೇ ಹೊತ್ತಿಗೆ, ಹಾಗಾಗಿ ಪೂರ್ತಿ ಶ್ರೇಯ ಗಂಡಿಗೇ ಕೊಡಲಾಗದು. ತುಮಕೂರಿನ ಕಡೆ ಒಣ ಹವೆಗೆ ವಾರಕ್ಕೊಮ್ಮೆ ಸಾಕು. ಮಂಗಳೂರು, ಸಕಲೇಶಪುರಕ್ಕೆ ಹೋದ ಮರಿಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾರಕ್ಕೆರಡು ಸಲ. ಕ್ಲೀನರ್ ನಾಳದ ತುಂಬ ಸುರಿದು, ಕಿವಿಯ ಬುಡ ಪಚಪಚ ಅನ್ನುವ ಹಾಗೆ ಅರ್ಧ ನಿಮಿಷ ತಿಕ್ಕಿ, ನಾಯಿ ತಲೆ ಕೊಡವಲಿ, ಆಮೇಲೆ ಹತ್ತಿಯಿಂದ ಕೈಗೆಟಕುವಷ್ಟೇ ಒರೆಸಿ. ಇಯರ್‌ಬಡ್ ಹಾಕಿದರೆ ಕೊಳೆ ಒಳಕ್ಕೇ ಹೋಗುತ್ತದೆ. ಕಂದು ಮೇಣ, ಹುಳಿ ಬಂದ ಹಿಟ್ಟಿನ ವಾಸನೆ ಬಂದರೆ ಹೆಚ್ಚಾಗಿ ಈಸ್ಟ್ ಎಂಬ ಶಿಲೀಂಧ್ರ. ಹಳದಿ ಕೀವು, ಮುಟ್ಟಿದರೆ ಅರಚುವಷ್ಟು ನೋವು ಇದ್ದರೆ ಬ್ಯಾಕ್ಟೀರಿಯಾ ಇರಬಹುದು, ಸ್ಲೈಡ್ ಮೇಲೆ ಹಚ್ಚಿ ಮೈಕ್ರೋಸ್ಕೋಪಿನಲ್ಲಿ ನೋಡಿಸದೆ ಮೆಡಿಕಲ್ ಸ್ಟೋರಿನ ಡ್ರಾಪ್ಸ್ ಬೇಡ. ಕಿವಿಯ ತಮಟೆ ಹರಿದಿದ್ದರೆ ಕೆಲವು ಡ್ರಾಪ್ಸ್‌ನಿಂದ ಕಿವುಡೇ ಆಗಬಹುದು. ಸ್ನಾನದ ನೀರಿಗೆ ನಾನು ಕೊನೆಯಲ್ಲಿ ಬೆರೆಸುವುದು ಒಂದಿದೆ, ಅದು ನನ್ನ ಹತ್ತಿರವೇ ಇರಲಿ.

ಇನ್ನು ಸ್ವಭಾವ. 2014ರಲ್ಲಿ ಬ್ರಿಟನ್ನಿನ ಸುಮಾರು ಎರಡು ಸಾವಿರ ಲ್ಯಾಬ್ ಮಾಲೀಕರ ಪ್ರಶ್ನಾವಳಿಯಲ್ಲಿ ಚಾಕಲೇಟ್‌ಗೆ ಕಲಿಕೆಯಲ್ಲಿ ಕಡಿಮೆ, ಉದ್ವೇಗದಲ್ಲಿ ಹೆಚ್ಚು ಅಂಕ ಬಂದಿತ್ತು. ಅಂಕ ಕೊಟ್ಟವರು ತಮ್ಮ ನಾಯಿಯ ಬಣ್ಣ ಕಂಡವರೇ. ಅದನ್ನು ಮರೆಮಾಡಿ ನೋಡೋಣ ಅನ್ನಿಸಿತು. 49ನೇ ದಿನ, ಮರಿಗಳು ಹಿಂದೆ ನೋಡಿರದ ಕೋಣೆಯಲ್ಲಿ, ಒಂದೊಂದಕ್ಕೆ ಐದು ನಿಮಿಷ. ಕಾಗದದ ಉಂಡೆ ಎಸೆದು ತರುತ್ತದೆಯೇ ನೋಡುವುದು, ಅಂಗಾತ ಮಲಗಿಸಿ 30 ಸೆಕೆಂಡ್ ಹಿಡಿಯುವುದು, ಆರಡಿ ದೂರದಲ್ಲಿ ಸ್ಟೀಲ್ ತಟ್ಟೆ ಬೀಳಿಸಿ ಎಷ್ಟು ಸೆಕೆಂಡಿಗೆ ಮತ್ತೆ ಬಾಲ ಆಡಿಸುತ್ತದೆ ಎಂದು ಎಣಿಸುವುದು. ಫೋನ್‌ನಲ್ಲಿ ವಿಡಿಯೋ ತೆಗೆದು ಕಪ್ಪು-ಬಿಳುಪು ಮಾಡಿದರೆ ಒಂದೇ ಬಲ್ಬಿನ ಬೆಳಕಿನಲ್ಲಿ ಚಾಕಲೇಟ್ ಯಾವುದು, ಕಪ್ಪು ಯಾವುದು ತಿಳಿಯುವುದು ಕಷ್ಟ. ಕ್ಯಾಮೆರಾ ಎಂಟಡಿ ಮೇಲಿರಬೇಕು, ಹತ್ತಿರ ಬಂದರೆ ಮೂಗು, ಕಣ್ಣು ಗುಟ್ಟು ಬಿಟ್ಟುಕೊಡುತ್ತವೆ. ಫಾನ್ ಮರಿಯನ್ನು ಹೀಗೆ ಅಡಗಿಸಲಾಗದು, ಅದರ ಮಾತು ಬಿಟ್ಟಿದ್ದೇನೆ.

ನಾಯಿ ಬಲ್ಲ ಮೂವರು ಅಂಕ ಕೊಟ್ಟರು. ಬಣ್ಣದ ವಿಡಿಯೋದಲ್ಲಿ ಚಾಕಲೇಟ್‌ಗಳಿಗೆ ಐದಕ್ಕೆ ಸುಮಾರು ಒಂದು ಅಂಕ ಕಡಿಮೆ ಬಿತ್ತು. ಅದೇ ಮರಿಗಳು ಕಪ್ಪು-ಬಿಳುಪಿನಲ್ಲಿ ಸಮ. ತಟ್ಟೆಯ ಸದ್ದಿಗೆ ನಿಜವಾದ ವ್ಯತ್ಯಾಸ ಕಂಡದ್ದು ಎರಡು ಹೆಣ್ಣುಗಳ ನಡುವೆ: ಒಂದರ ಮರಿಗಳು ಮೂರು ನಾಲ್ಕು ಸೆಕೆಂಡಿಗೆ ತಟ್ಟೆ ಮೂಸಲು ಬಂದವು, ಇನ್ನೊಂದರವು ಇಪ್ಪತ್ತು ಸೆಕೆಂಡ್ ಮೂಲೆ ಹಿಡಿದವು, ಕಪ್ಪೂ ಚಾಕಲೇಟೂ ಒಟ್ಟಿಗೇ.

ಕಪ್ಪು ನಾಯಿಗೆ ಬಿಸಿಲು ಆಗದು ಅನ್ನುವುದನ್ನೂ ಒಮ್ಮೆ ಅಳೆದದ್ದುಂಟು. ಏಪ್ರಿಲ್, ಮಧ್ಯಾಹ್ನ ಎರಡು ಗಂಟೆ, ಹತ್ತು ನಿಮಿಷ. ಬೆನ್ನಿನ ಕೂದಲ ಮೇಲೆ ಕಪ್ಪಿಗೆ 52 ಡಿಗ್ರಿ ಸೆಲ್ಸಿಯಸ್, ಫಾನ್‌ಗೆ 43ರ ಹತ್ತಿರ, ಚಾಕಲೇಟ್ ಕಪ್ಪಿಗೆ ಸಮೀಪ. ಗುದದ ಥರ್ಮಾಮೀಟರ್‌ನಲ್ಲಿ ಮೂರಕ್ಕೂ 102 ಫ್ಯಾರನ್‌ಹೀಟ್ ಆಸುಪಾಸು, ಅರ್ಧ ಡಿಗ್ರಿಯೂ ಅಂತರ ಇರಲಿಲ್ಲ. ಹತ್ತು ನಿಮಿಷಕ್ಕಿಂತ ಹೆಚ್ಚು ನಿಲ್ಲಿಸಲು ಹೋಗಬೇಡಿ. ಬಿಸಿಲಿಗೆ ಬಾಡುವುದು ಚಾಕಲೇಟ್‌ನ ಕೂದಲು, ಬೇಸಿಗೆ ಮುಗಿಯುವಷ್ಟರಲ್ಲಿ ತುಕ್ಕು ಹಿಡಿದ ತಗಡಿನ ಬಣ್ಣ.

ತೊಂದರೆಯ ಆ ಒಂದು ಚಾಕಲೇಟ್ ಇರುವುದು ಮಂಗಳೂರಿನಲ್ಲಿ. ಮಳೆಯ ದೋಷ ಎಂದೇ ಒಂದು ವರ್ಷ ಡ್ರಾಪ್ಸ್ ಹಾಕಿದರು. ಎಂಟು ವಾರ ಕೋಳಿ ಪೂರ್ತಿ ನಿಲ್ಲಿಸಿದಾಗ ಕಿವಿ ಒಣಗಿತು, ಮತ್ತೆ ಕೊಟ್ಟ ಹತ್ತನೇ ದಿನಕ್ಕೆ ಕೆಂಪಾಯಿತು. ಅದೇ ಲಿಟರ್‌ನ ಕಪ್ಪು ಗಂಡು ತಿಪಟೂರಿನಲ್ಲಿದೆ. ವಿಚಾರಿಸಿದರೆ ಅದಕ್ಕೂ ಕೋಳಿ ಆಗದು, ಕಿವಿಯ ಬದಲು ಪಂಜ ನೆಕ್ಕುತ್ತದಂತೆ. ಎರಡನ್ನೂ ಬ್ರೀಡಿಂಗ್ ಪಟ್ಟಿಯಿಂದ ತೆಗೆದಾಯಿತು. ಅವುಗಳ ತಾಯಿಗೆ ಇನ್ನು ಈ ಗಂಡಿನ ಜೊತೆ ಮೇಟಿಂಗ್ ಇಲ್ಲ.