ದಿಕ್ಕು ಸರಿ ಇತ್ತು, ದುಡ್ಡು ಮಾತ್ರ ಹೋಯಿತು

2020ರ ಮಾರ್ಚ್‌ನಲ್ಲಿ ಮಾರ್ಕೆಟ್ ಬೀಳುತ್ತೆ ಅಂತ ನಾನು ಅಂದುಕೊಂಡಿದ್ದೆ. ಬಿತ್ತು ಕೂಡ. ನಾನು ಶಾರ್ಟ್ ಮಾಡಿದ್ದೆ, ಅಂದರೆ ಬೆಲೆ ಬಿದ್ದರೆ ಲಾಭ ಬರುವಂತೆ ಮೊದಲೇ ಮಾರಿದ್ದೆ. ಆದರೂ ತಿಂಗಳ ಕೊನೆಗೆ ಲೆಕ್ಕ ಹಾಕಿದರೆ ನಷ್ಟ!

ಆಗಿದ್ದು ಇಷ್ಟು. ನನ್ನ ಸ್ಟಾಪ್‌ಲಾಸ್, ಅಂದರೆ ಬೆಲೆ ನನಗೆ ವಿರುದ್ಧವಾಗಿ ಹೋದರೆ ಟ್ರೇಡನ್ನು ತಾನಾಗಿ ಮುಚ್ಚುವ ಆರ್ಡರ್, ಯಾವಾಗಲೂ 2% ದೂರದಲ್ಲಿ ಇರುತ್ತಿತ್ತು. ಶಾಂತ ಮಾರ್ಕೆಟ್‌ನಲ್ಲಿ ಅದು ಸಾಕಾಗುತ್ತಿತ್ತು. ಆದರೆ ಆ ದಿನಗಳ ಕುಣಿತ ನೋಡಿ. ಮಾರ್ಚ್ 12ರಂದು ಅಮೆರಿಕದ ಷೇರು ಸೂಚ್ಯಂಕ ಎಸ್ ಆಂಡ್ ಪಿ 500 ಸುಮಾರು 9.5% ಬಿತ್ತು. ಮರುದಿನ 9%ಗಿಂತ ಜಾಸ್ತಿ ಏರಿತು. 16ರಂದು ಮತ್ತೆ ಸುಮಾರು 12% ಬಿತ್ತು. ಇಂಥದ್ದರಲ್ಲಿ 2% ಸ್ಟಾಪ್ ಯಾವ ಲೆಕ್ಕ? ಬೆಲೆ ಸ್ವಲ್ಪ ಮೇಲೆ ಹೋಗಿ ನನ್ನನ್ನು ಹೊರಗೆ ಹಾಕುತ್ತಿತ್ತು, ಆಮೇಲೆ ನಾನು ಹೇಳಿದ ಕಡೆಗೇ ಇಳಿಯುತ್ತಿತ್ತು. ಸಿಟ್ಟಿನಲ್ಲಿ ಮತ್ತೆ ಒಳಗೆ ಹೋಗುತ್ತಿದ್ದೆ. ಒಂದೇ ದಿನ ನಾಲ್ಕು ಸಲ ಹೀಗಾಗಿದ್ದೂ ಇದೆ.

ಆಮೇಲೆ ನಾನು ಬದಲಿಸಿದ್ದು ಒಂದೇ: ಸ್ಟಾಪ್ ದೂರ ಇಟ್ಟೆ, ಕ್ವಾಂಟಿಟಿ ಇಳಿಸಿದೆ.

ದೂರ ಅಂದರೆ ಎಷ್ಟು? ಅದಕ್ಕೆ ಎಟಿಆರ್ (ಆವರೇಜ್ ಟ್ರೂ ರೇಂಜ್) ನೋಡುತ್ತೇನೆ. ಅಮೆರಿಕದ ತಾಂತ್ರಿಕ ವಿಶ್ಲೇಷಕ ವೆಲ್ಸ್ ವೈಲ್ಡರ್ 1978ರಲ್ಲಿ ಕೊಟ್ಟ ಅಳತೆ ಇದು. ಷೇರು ದಿನಕ್ಕೆ ಸರಾಸರಿ ಎಷ್ಟು ಓಡಾಡುತ್ತದೆ ಅನ್ನುವುದನ್ನು, ಹಿಂದಿನ ದಿನದ ಕ್ಲೋಸ್‌ನಿಂದ ಬಿದ್ದ ಗ್ಯಾಪ್ ಕೂಡ ಸೇರಿಸಿ, ತೋರಿಸುತ್ತದೆ. ನನ್ನ ಸ್ಟಾಪ್ ಎಟಿಆರ್‌ನ ಎರಡು ಪಟ್ಟು ದೂರದಲ್ಲಿ.

ಉದಾಹರಣೆಗೆ ಬಂಡವಾಳ 1,00,000 ಅಂತ ಇಟ್ಟುಕೊಳ್ಳಿ. ಒಂದು ಟ್ರೇಡ್‌ನಲ್ಲಿ ಕಳೆದುಕೊಳ್ಳಲು ನಾನು ತಯಾರಿರುವುದು 1%, ಅಂದರೆ 1,000. ಷೇರಿನ ಬೆಲೆ 500, ಎಟಿಆರ್ 10 ಇದ್ದರೆ ಸ್ಟಾಪ್ 480ಕ್ಕೆ, ಷೇರಿಗೆ 20 ನಷ್ಟ, ಹಾಗಾಗಿ 50 ಷೇರು ಕೊಳ್ಳಬಹುದು. ಅದೇ ಷೇರಿನ ಎಟಿಆರ್ 25ಕ್ಕೆ ಏರಿದರೆ ಸ್ಟಾಪ್ 450ಕ್ಕೆ, ಷೇರು 20 ಮಾತ್ರ. ಹೋದರೆ ಎರಡೂ ಕಡೆ ಅದೇ 1,000. ಕೂಡಿಸಿ ಭಾಗಿಸುವಷ್ಟು ಸುಲಭದ ಲೆಕ್ಕ, ಆದರೆ ಅದನ್ನು ಒಪ್ಪಿಕೊಳ್ಳಲು ನನಗೆ ಎರಡು ವರ್ಷ ಬೇಕಾಯಿತು. 20 ಷೇರು ಕೊಳ್ಳುವುದು ಒಂಥರಾ ಅವಮಾನ ಅನ್ನಿಸುತ್ತಿತ್ತು.

ಇಷ್ಟಾದರೂ ಸ್ಟಾಪ್ ಹಾಕಿದ ಬೆಲೆಗೇ ಮಾರಾಟವಾಗುತ್ತೆ ಅನ್ನುವ ಗ್ಯಾರಂಟಿ ಇಲ್ಲ. ಒಂದು ಸಲ ಹೀಗೇ 500ಕ್ಕೆ ಕೊಂಡು, 450ಕ್ಕೆ ಸ್ಟಾಪ್ ಇಟ್ಟು ಮಲಗಿದ್ದೆ. ಬೆಳಿಗ್ಗೆ ಷೇರು ತೆರೆದದ್ದೇ 421ಕ್ಕೆ. ಸ್ಟಾಪ್ ಮುಟ್ಟಿದ ತಕ್ಷಣ ಆರ್ಡರ್, ಸಿಕ್ಕ ಬೆಲೆಗೆ ಮಾರುವ ಮಾರ್ಕೆಟ್ ಆರ್ಡರ್ ಆಗಿ, 419ಕ್ಕೆ ಹೋಯಿತು. 20 ಷೇರು ಇದ್ದದ್ದಕ್ಕೆ 1,620 ನಷ್ಟ. ಹಳೇ ಅಭ್ಯಾಸದಂತೆ 50 ಇದ್ದಿದ್ದರೆ 4,050 ಆಗುತ್ತಿತ್ತು. ಅವತ್ತಿನಿಂದ ಕಂಪನಿಯ ಲಾಭ-ನಷ್ಟದ ರಿಸಲ್ಟ್ ಬರುವ ಹಿಂದಿನ ರಾತ್ರಿ ಆ ಷೇರನ್ನು ಇಟ್ಟುಕೊಳ್ಳುವುದೇ ಇಲ್ಲ.

ಕೊಳ್ಳುವಾಗ ಲಿಮಿಟ್ ಆರ್ಡರ್ ಮಾತ್ರ, ಅಂದರೆ ನಾನು ಹೇಳಿದ ಬೆಲೆಗಿಂತ ಜಾಸ್ತಿಗೆ ಕೊಳ್ಳದ ಆರ್ಡರ್. ಗಾಬರಿಯ ಹೊತ್ತಿನಲ್ಲಿ ಕೊಳ್ಳುವವರ, ಮಾರುವವರ ಬೆಲೆ ನಡುವಿನ ಅಂತರ ಅಗಲವಾಗಿರುತ್ತೆ. ಮಾರ್ಕೆಟ್ ಆರ್ಡರ್ ಹಾಕಿದರೆ ಆ ಅಂತರ ನಮ್ಮ ಜೇಬಿನಿಂದಲೇ ಹೋಗುತ್ತೆ.

ದಿನ ಹೇಗಿರಬಹುದು ಅಂತ ಅಂದಾಜಿಗೆ ವಿಐಎಕ್ಸ್ ನೋಡುತ್ತೇನೆ. ಎಸ್ ಆಂಡ್ ಪಿ 500 ಮುಂದೆ ಎಷ್ಟು ಏರಿಳಿಯಬಹುದು ಅಂತ ಮಾರ್ಕೆಟ್ ಅಂದುಕೊಂಡಿದೆ ಅನ್ನುವುದನ್ನು ತೋರಿಸುವ ಸೂಚ್ಯಂಕ ಇದು. ಅದು ವರ್ಷದ ಲೆಕ್ಕದಲ್ಲಿರುವ ಸಂಖ್ಯೆ. ವರ್ಷಕ್ಕೆ ಸುಮಾರು 252 ಟ್ರೇಡಿಂಗ್ ದಿನ, ಅದರ ವರ್ಗಮೂಲ ಹತ್ತಿರ ಹತ್ತಿರ 16. ಹಾಗಾಗಿ ವಿಐಎಕ್ಸನ್ನು 16ರಿಂದ ಭಾಗಿಸಿದರೆ ದಿನದ ಏರಿಳಿತದ ಅಂದಾಜು ಸಿಗುತ್ತೆ. 16 ಇದ್ದರೆ 1%, 32 ಇದ್ದರೆ 2%. 2020ರ ಮಾರ್ಚ್ 16ರಂದು ಅದು 82.69ಕ್ಕೆ ಕ್ಲೋಸ್ ಆಯಿತು, ಅಂದರೆ ದಿನಕ್ಕೆ 5%ಗೂ ಜಾಸ್ತಿ. ನಾನು ಅವತ್ತು 2% ಸ್ಟಾಪ್ ಇಟ್ಟುಕೊಂಡು ಕೂತಿದ್ದೆ, ನಗು ಬರಲ್ವಾ?

ಹೀಗೆ ಸ್ಟಾಪ್ ದೂರ ಇಟ್ಟು ಷೇರು ಕಡಿಮೆ ಕೊಳ್ಳುವುದಕ್ಕೂ ಬೆಲೆ ಕೊಡಬೇಕಾಗುತ್ತೆ ಅನ್ನುವುದು ನಿಜ. ಜೋರು ಕುಸಿತದ ಮೇಲೆ ಮಾರ್ಕೆಟ್ ಮೇಲೇಳುವಾಗ ಎಟಿಆರ್ ಇನ್ನೂ ಜಾಸ್ತಿಯೇ ಇರುತ್ತೆ, ಹಾಗಾಗಿ ಕೈಯಲ್ಲಿ ಷೇರು ಕಡಿಮೆ. ಅಂಥ ಒಂದು ಏರಿಕೆಯಲ್ಲಿ ನನ್ನ 20 ಷೇರು ವಾರದಲ್ಲಿ 18% ಏರಿತು. ಡೈರಿಯಲ್ಲಿ ಅದರ ಪಕ್ಕದಲ್ಲಿ 50 ಅಂತ ಬರೆದು, ಲಾಭ ಎಷ್ಟಾಗುತ್ತಿತ್ತು ಅಂತ ಲೆಕ್ಕ ಹಾಕಿ, ಆಮೇಲೆ ಗೀಚಿ ಹಾಕಿದ್ದೇನೆ. ಆ ಹಾಳೆ ಇನ್ನೂ ಇದೆ.