ರ‍್ಯಾಮ್ ಕೈಕೊಟ್ಟಿದೆಯಾ? ವಿಂಡೋಸ್ ಅಳಿಸುವ ಮೊದಲು ಇಷ್ಟು ನೋಡಿ

ಬಿಡಿ ಭಾಗ ತಂದು ಮನೆಯಲ್ಲೇ ಜೋಡಿಸಿದ ಪಿಸಿ ಇದ್ದಕ್ಕಿದ್ದಂತೆ ನೀಲಿ ಪರದೆ ತೋರಿಸಿ ರೀಸ್ಟಾರ್ಟ್ ಆಗುತ್ತದೆ. ಹೆಚ್ಚಿನವರು ಆಗ ವಿಂಡೋಸ್ ಅಳಿಸಿ ಮತ್ತೆ ಹಾಕುತ್ತಾರೆ. ತಪ್ಪು, ಪಿಸಿಯ ತಾತ್ಕಾಲಿಕ ಮೆಮೊರಿಯಾದ ರ‍್ಯಾಮ್‌ನದ್ದಾಗಿದ್ದರೆ ಇದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ಡಿಸ್ಕ್‌ಗೆ ಹೋಗುವ ಫೈಲ್‌ಗಳೆಲ್ಲ ರ‍್ಯಾಮ್ ದಾಟಿಯೇ ಹೋಗಬೇಕಲ್ವಾ? ಹೊಸದಾಗಿ ಹಾಕಿದ ವಿಂಡೋಸ್ ಕೂಡ ಕೆಟ್ಟೇ ಕೂರಬಹುದು. ಅನುಮಾನ ಬಂದ ಕೂಡಲೇ ಬ್ಯಾಕಪ್ ತೆಗೆಯುವುದನ್ನೂ ನಿಲ್ಲಿಸಿ. ಹಳೆಯ ಒಳ್ಳೆಯ ಬ್ಯಾಕಪ್ ಮೇಲೆ ಕೆಟ್ಟ ಕಾಪಿ ಕೂತರೆ ಎರಡೂ ಹೋದವು.

ಅನುಮಾನ ಯಾವಾಗ?

ಪ್ರತಿ ಸಲವೂ ಒಂದೇ ಎರರ್ ಬರುತ್ತಿದ್ದರೆ ಡ್ರೈವರ್ ಕಡೆ ನೋಡಿ. ಇವತ್ತು ‘ಮೆಮೊರಿ ಮ್ಯಾನೇಜ್‌ಮೆಂಟ್’, ನಾಳೆ ‘ಪೇಜ್ ಫಾಲ್ಟ್’, ಮಧ್ಯೆ ಸುಮ್ನೆ ಬ್ರೌಸರ್ ಮುಚ್ಚಿಕೊಳ್ಳುವುದು, ಹೀಗೆ ಗೊತ್ತುಗುರಿ ಇಲ್ಲದೆ ತೊಂದರೆ ಬಂದರೆ ರ‍್ಯಾಮ್ ಮೇಲೆ ಕಣ್ಣಿಡಿ. ದೊಡ್ಡ ಜಿಪ್ ಫೈಲ್ ಒಮ್ಮೆ ಬಿಚ್ಚಿಕೊಂಡು, ಇನ್ನೊಮ್ಮೆ ‘ಫೈಲ್ ಹಾಳಾಗಿದೆ’ ಎಂದರೆ ಅನುಮಾನ ಇನ್ನೂ ಗಟ್ಟಿ.

ಮೊದಲು ಬಯೋಸ್

ಸ್ಕ್ರೂಡ್ರೈವರ್ ಆಮೇಲೆ. ಡಬ್ಬದ ಮೇಲೆ ವೇಗ 3200, 3600 ಎಂದಿದ್ದರೂ ಡಿಡಿಆರ್4 ತಲೆಮಾರಿನ ರ‍್ಯಾಮ್ ಸ್ಟಿಕ್ (ಪಟ್ಟಿ) ತಾನಾಗಿ ಓಡುವುದು ಸಾಮಾನ್ಯವಾಗಿ 2133ರಿಂದ 2666ರ ಒಳಗೆ. ಜಾಸ್ತಿ ವೇಗ ಬರುವುದು ಬಯೋಸ್‌ನಲ್ಲಿ (ವಿಂಡೋಸ್‌ಗೂ ಮೊದಲು ತೆರೆಯುವ ಬೋರ್ಡ್‌ನ ಸೆಟ್ಟಿಂಗ್ ಪರದೆ) ಎಕ್ಸ್‌ಎಂಪಿ ಎಂಬ ಜಾಸ್ತಿ ವೇಗದ ಸೆಟ್ಟಿಂಗ್ ಆನ್ ಮಾಡಿದಾಗ. ಆಗ ವೋಲ್ಟೇಜ್ ಕೂಡ 1.2ರಿಂದ ಹೆಚ್ಚಾಗಿ 1.35ಕ್ಕೆ ಏರುತ್ತದೆ. ಎಎಂಡಿಯ ಡಿಡಿಆರ್5 ಬೋರ್ಡ್‌ಗಳಲ್ಲಿ ಇದೇ ಕೆಲಸಕ್ಕೆ ಎಕ್ಸ್‌ಪೋ ಇದೆ.

ಅದನ್ನು ಆಫ್ ಮಾಡಿ ಒಂದೆರಡು ದಿನ ಬಳಸಿ. ತೊಂದರೆ ನಿಂತರೆ ಸ್ಟಿಕ್ ಸತ್ತಿಲ್ಲ. ಆ ವೇಗವನ್ನು ಸ್ಟಿಕ್, ಪ್ರೊಸೆಸರ್ ಒಳಗಿನ ಮೆಮೊರಿ ಕಂಟ್ರೋಲರ್, ಬೋರ್ಡ್, ಈ ಮೂರರಲ್ಲಿ ಒಂದು ತಾಳುತ್ತಿಲ್ಲ, ಅಷ್ಟೇ. ನಾಲ್ಕು ಸ್ಲಾಟ್‌ನಲ್ಲೂ ಸ್ಟಿಕ್ ತುಂಬಿದವರಿಗೆ, ಬೇರೆ ಬೇರೆ ಕಿಟ್ ಬೆರೆಸಿದವರಿಗೆ ಇದು ಮಾಮೂಲು. ಬಯೋಸ್ ಅಪ್‌ಡೇಟ್ ಮಾಡಿ ನೋಡಿ. ಆಗಲೂ ಆಗದಿದ್ದರೆ ಒಂದು ಮೆಟ್ಟಿಲು ಕಡಿಮೆ ವೇಗದಲ್ಲಿ ಓಡಿಸಿ. ದಿನದ ಕೆಲಸದಲ್ಲಿ ವ್ಯತ್ಯಾಸ ಗೊತ್ತಾಗುವುದೂ ಕಷ್ಟ.

ಬಿಚ್ಚಿ, ಮತ್ತೆ ಕೂರಿಸಿ

ಎಸ್‌ಎಂಪಿಎಸ್ (ಪಿಸಿಗೆ ಕರೆಂಟ್ ಕೊಡುವ ಡಬ್ಬ) ಸ್ವಿಚ್ ಆರಿಸಿ, ವೈರ್ ಕೀಳಿ, ಪವರ್ ಬಟನ್ ಒಮ್ಮೆ ಒತ್ತಿ ಉಳಿದ ಕರೆಂಟ್ ಹರಿಯಲು ಬಿಡಿ. ಕ್ಯಾಬಿನೆಟ್‌ನ ಬಣ್ಣ ಇಲ್ಲದ ಲೋಹದ ಭಾಗ ಮುಟ್ಟಿ, ಆಮೇಲೆ ಸ್ಟಿಕ್ ತೆಗೆಯಿರಿ. ಚಿನ್ನದ ಬಣ್ಣದ ಕಾಲುಗಳಿಗೆ ಬೆರಳು ತಾಗದಿರಲಿ. ಅಂಗಡಿಗಳಲ್ಲಿ ಅವನ್ನು ರಬ್ಬರ್‌ನಿಂದ ಉಜ್ಜಿ ಕೊಡುತ್ತಾರೆ. ಒರಟು ರಬ್ಬರ್ ಆ ತೆಳು ಲೇಪವನ್ನೇ ಸವೆಸುತ್ತದೆ. ನೂಲು ಬಿಡದ ಬಟ್ಟೆಗೆ ಸ್ವಲ್ಪ ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿ ಒರೆಸುವುದೇ ವಾಸಿ.

ಕೂರಿಸುವಾಗ ಸ್ಟಿಕ್‌ನ ಕಚ್ಚು ಸ್ಲಾಟ್‌ನ ಗುಬುಟಿಗೆ ಸರಿಯಾಗಿ ಬರಬೇಕು. ಎರಡು ಹೆಬ್ಬೆರಳಿಂದ ಎರಡೂ ತುದಿ ಸಮನಾಗಿ ಒತ್ತಿ, ‘ಕ್ಲಿಕ್’ ಎನ್ನುವ ತನಕ. ಕೆಲವು ಬೋರ್ಡ್‌ಗಳಲ್ಲಿ ಕ್ಲಿಪ್ ಒಂದೇ ಕಡೆ ಇರುತ್ತದೆ. ಇನ್ನೊಂದು ತುದಿ ಅರ್ಧ ಮಿಲಿಮೀಟರ್ ಮೇಲೆ ನಿಂತರೂ ಕಣ್ಣಿಗೆ ಬೀಳುವುದಿಲ್ಲ. ಬಗ್ಗಿ ಪಕ್ಕದಿಂದ ನೋಡಿ. ನಾಲ್ಕು ಸ್ಲಾಟ್ ಇದ್ದು ಎರಡೇ ಸ್ಟಿಕ್ ಇದ್ದರೆ, ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ ಎರಡನೆಯದು ಮತ್ತು ನಾಲ್ಕನೆಯದರಲ್ಲಿ ಹಾಕಬೇಕು. ಬೋರ್ಡ್‌ನ ಕೈಪಿಡಿಯಲ್ಲಿ ಖಚಿತ ಮಾಡಿಕೊಳ್ಳಿ.

ಡಿಡಿಆರ್5 ಆದರೆ, ಸ್ಟಿಕ್ ಬದಲಿಸಿದ ಮೇಲೆ ಮೊದಲ ಸಲ ಪರದೆ ಕೆಲವು ನಿಮಿಷ ಕಪ್ಪಾಗಿಯೇ ಇರಬಹುದು. ಬೋರ್ಡ್ ರ‍್ಯಾಮ್‌ಗೆ ಹೊಂದಿಕೊಳ್ಳುತ್ತಿರುತ್ತದೆ. ಗಾಬರಿಯಿಂದ ಸ್ವಿಚ್ ಆರಿಸಬೇಡಿ.

ಪರೀಕ್ಷೆ

ವಿಂಡೋಸ್‌ನಲ್ಲೇ ಮೆಮೊರಿ ಡಯಾಗ್ನಾಸ್ಟಿಕ್ ಇದೆ. ಅದು ತಪ್ಪು ತೋರಿಸಿದರೆ ನಂಬಿ, ‘ಎಲ್ಲ ಸರಿ’ ಎಂದರೆ ನಂಬಬೇಡಿ. ಮೆಮ್‌ಟೆಸ್ಟ್86 ಅಥವಾ ಮೆಮ್‌ಟೆಸ್ಟ್86ಪ್ಲಸ್ ಅನ್ನು ಬೇರೆ ಕಂಪ್ಯೂಟರ್‌ನಲ್ಲಿ ಪೆನ್‌ಡ್ರೈವ್‌ಗೆ ಹಾಕಿ, ಅದರಿಂದಲೇ ಪಿಸಿ ಬೂಟ್ ಮಾಡಿ. ಬೂಟ್ ಆಗದಿದ್ದರೆ ಬಯೋಸ್‌ನಲ್ಲಿ ಸೆಕ್ಯೂರ್ ಬೂಟ್ ಆಫ್ ಮಾಡಿ ನೋಡಿ. ರಾತ್ರಿ ಶುರು ಮಾಡಿ ಮಲಗಿ. ಕನಿಷ್ಠ ನಾಲ್ಕು ಸುತ್ತು ಮುಗಿಯಲಿ. ಎಕ್ಸ್‌ಎಂಪಿ ಆಫ್ ಇದ್ದಾಗಿನ ಮಾಮೂಲಿ ವೇಗದಲ್ಲೂ ಒಂದೇ ಒಂದು ಎರರ್ ಬಂದರೂ ಫೇಲ್.

ಎರರ್ ಬಂತು ಎಂದು ಸ್ಟಿಕ್‌ನ ತಲೆಗೇ ತಪ್ಪು ಕಟ್ಟಬೇಡಿ. ಒಂದೇ ಸ್ಟಿಕ್ ಅನ್ನು ಒಂದೇ ಸ್ಲಾಟ್‌ನಲ್ಲಿ ಹಾಕಿ ಪರೀಕ್ಷಿಸಿ, ಆಮೇಲೆ ಅದೇ ಸ್ಲಾಟ್‌ಗೆ ಇನ್ನೊಂದನ್ನು. ಒಂದು ಪಾಸಾಗಿ ಇನ್ನೊಂದು ಫೇಲಾದರೆ ಕಳ್ಳ ಸಿಕ್ಕಿದ. ಎರಡೂ ಫೇಲಾದರೆ, ಅವನ್ನು ಬೇರೆ ಸ್ಲಾಟ್‌ಗೆ ಹಾಕಿ ನೋಡಿ. ಅಲ್ಲಿ ಪಾಸಾದರೆ ತೊಂದರೆ ಬೋರ್ಡ್ ಕಡೆಯದು. ಆಗ ಹೊಸ ಬೋರ್ಡ್‌ಗೆ ಹಣ ಕೊಡುವ ಮುಂಚೆ ಪ್ರೊಸೆಸರ್ ತೆಗೆದು ನೋಡಿ. ಸಾಕೆಟ್‌ನಲ್ಲಿ ಒಂದು ಪಿನ್ ಬಗ್ಗಿದ್ದರೂ ಆ ಕಡೆಯ ಸ್ಲಾಟ್‌ಗಳು ಕೆಲಸ ಮಾಡದೇ ಹೋಗಬಹುದು. ಮನೆಯಲ್ಲಿ ಜೋಡಿಸಿದ ಪಿಸಿಗಳಲ್ಲಿ ಇದು ಅಪರೂಪವೇನಲ್ಲ. ಕೂಲರ್‌ನ ಸ್ಕ್ರೂ ಒಂದೇ ಕಡೆ ಜಾಸ್ತಿ ಬಿಗಿಯಾಗಿದ್ದರೂ ಹೀಗೆ ಆಗುತ್ತದೆ.

ಬದಲಿ ಕೇಳುವಾಗ

ದೊಡ್ಡ ಬ್ರ್ಯಾಂಡ್‌ಗಳು ರ‍್ಯಾಮ್‌ಗೆ ಸಾಮಾನ್ಯವಾಗಿ ಲೈಫ್‌ಟೈಮ್ ವಾರಂಟಿ ಕೊಡುತ್ತವೆ. ಬಿಲ್ ಹುಡುಕಿಡಿ, ಎರರ್ ಬಂದ ಪರದೆಯ ಫೋಟೊ ತೆಗೆದಿಡಿ, ಸ್ಟಿಕ್ ಮೇಲಿನ ಸ್ಟಿಕ್ಕರ್ ಕೀಳಬೇಡಿ. ಜೋಡಿ ಕಿಟ್ ಆಗಿದ್ದರೆ ಕೆಟ್ಟದ್ದು ಒಂದೇ ಆದರೂ ಎರಡನ್ನೂ ಕೇಳುವುದುಂಟು. ಅಷ್ಟು ದಿನಕ್ಕೆ ಬೇರೆ ವ್ಯವಸ್ಥೆ ಬೇಕು. ಬದಲಿ ಕಿಟ್ ಬಂದ ಮೇಲೆ ಅದನ್ನೂ ಒಂದು ರಾತ್ರಿ ಪರೀಕ್ಷೆಗೆ ಬಿಡಿ. ಪಾಸಾದರೆ, ಅಡ್ಮಿನಿಸ್ಟ್ರೇಟರ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು ವಿಂಡೋಸ್ ಫೈಲ್‌ಗಳನ್ನು ಪರೀಕ್ಷಿಸುವ ಸಿಸ್ಟಮ್ ಫೈಲ್ ಚೆಕರ್ (sfc /scannow) ಓಡಿಸಿ. ಹಾಳಾದ ಫೈಲ್‌ಗಳನ್ನು ಅದು ಸರಿಮಾಡಲಾಗದಿದ್ದರೆ ಮಾತ್ರ ವಿಂಡೋಸ್ ಮತ್ತೆ ಹಾಕಿ.